ಸಂಕ್ರಾಂತಿ ಮುಗಿಸಿ ಮಾಲ್ಟಾಕ್ಕೆ: ಸೀಸನ್ ಇಲ್ಲದಾಗ ಮನೆಮಂದಿಯ ಪ್ರವಾಸ ಪ್ಲಾನ್ ಮಾಡುವುದು ಹೇಗೆ?

ಮಾಲ್ಟಾ ಅಂತ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು ನೀಲಿ ನೀರು, ದೋಣಿ, ಈಜುವ ಜನ. ಅದು ಜುಲೈ ತಿಂಗಳ ಮಾಲ್ಟಾ. ನಾವು ಹೋಗಿದ್ದು ಜನವರಿಯಲ್ಲಿ. ನಾನು, ನಮ್ಮವರು, 68 ವರ್ಷದ ಅತ್ತೆ, 13ರ ಮಗಳು, 7ರ ಮಗ. ಏಳು ರಾತ್ರಿ ಇದ್ದೆವು, ಒಬ್ಬರೂ ಸಮುದ್ರಕ್ಕೆ ಕಾಲು ಇಳಿಸಲಿಲ್ಲ. ಆದರೂ ಮಗ ಈಗಲೂ ಆ ಊರಿನ ಫಿರಂಗಿ ಸದ್ದನ್ನು ಮಾಡಿ ತೋರಿಸುತ್ತಾನೆ.

ಬಂದ ಮೇಲೆ ಸುಮಾರು ಜನ ಕೇಳಿದರು, ಹೇಗೆ ಪ್ಲಾನ್ ಮಾಡಿದಿರಿ ಅಂತ. ಒಂದೇ ಸಾರಿ ಬರೆದುಬಿಡೋಣ ಅನ್ನಿಸಿತು.

ಮುಖ್ಯ ಮಾತು ಮೊದಲೇ ಹೇಳುತ್ತೇನೆ. ಚಳಿಗಾಲದ ಮಾಲ್ಟಾದಲ್ಲಿ ಮುಂಚೆಯೇ ಗಟ್ಟಿ ಮಾಡಿಕೊಳ್ಳಬೇಕಾದದ್ದು ಮೂರೇ: ವೀಸಾ, ಬೆಚ್ಚಗಿರುವ ಮನೆ, ಮತ್ತು ಹೈಪೋಜಿಯಮ್ ಅನ್ನುವ ನೆಲದಡಿಯ ಪುರಾತನ ಸಮಾಧಿಯ ಟಿಕೆಟ್. ಮಿಕ್ಕಿದ್ದನ್ನೆಲ್ಲ ಸಡಿಲ ಬಿಡಿ. ಅಲ್ಲಿ ದಿನದ ಕಾರ್ಯಕ್ರಮ ಬರೆಯುವುದು ನೀವಲ್ಲ, ಗಾಳಿ.

ಮೊದಲು, ಮಾಲ್ಟಾನೇ ಯಾಕೆ?

ಯುರೋಪಿನ ಹಳೇ ಊರು ನೋಡಬೇಕು, ಆದರೆ ವಯಸ್ಸಾದವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಊರಿಂದ ಊರಿಗೆ ಸೂಟ್‌ಕೇಸ್ ಎಳೆಯಲು ಆಗುವುದಿಲ್ಲ ಅನ್ನುವವರಿಗೆ ಇದು ಹೇಳಿ ಮಾಡಿಸಿದ ದೇಶ. ಇಡೀ ದೇಶ 316 ಚದರ ಕಿಲೋಮೀಟರ್. ಬೆಂಗಳೂರಿನ ಅರ್ಧವೂ ಇಲ್ಲ. ಒಂದೇ ಮನೆಯಲ್ಲಿ ಉಳಿದುಕೊಂಡು ಎಲ್ಲವನ್ನೂ ನೋಡಿ ಬರಬಹುದು. 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು, ಹಾಗಾಗಿ ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ. ಬಸ್ ಡ್ರೈವರ್, ಔಷಧಿ ಅಂಗಡಿಯವರು, ಬೇಕರಿ ಅಜ್ಜಿ, ಎಲ್ಲರ ಹತ್ತಿರವೂ ಮಾತಾಡಬಹುದು. ಗಾಡಿ ಓಡುವುದೂ ನಮ್ಮ ಹಾಗೆ ಎಡಗಡೆ. ರಸ್ತೆ ದಾಟುವಾಗ ಮಕ್ಕಳು ತಪ್ಪು ಕಡೆ ನೋಡುತ್ತಾರೆ ಅನ್ನುವ ಭಯವಿಲ್ಲ, ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಇನ್ನು ಚರಿತ್ರೆ. 5,500 ವರ್ಷ ಹಳೆಯ ಕಲ್ಲಿನ ಗುಡಿಗಳು, ರೋಮನ್ನರ ನೆಲದಡಿಯ ಸಮಾಧಿಗಳು, ಅರಬ್ಬರು ಬಿಟ್ಟುಹೋದ ಊರ ಹೆಸರುಗಳು, ನೈಟ್‌ಗಳ (ಒಂದು ಕಾಲಕ್ಕೆ ಇಲ್ಲಿ ಆಳಿದ ಕ್ರೈಸ್ತ ಯೋಧರ ಪಂಥದವರ) ಕೋಟೆ, ಎರಡನೇ ಮಹಾಯುದ್ಧದ ಬಾಂಬ್ ಶೆಲ್ಟರ್. ಎಲ್ಲ ಒಂದು ಗಂಟೆಯ ಬಸ್ ದಾರಿಯೊಳಗೆ.

ಯಾವಾಗ ಹೋಗಬೇಕು

ಸೀಸನ್ ಇಲ್ಲದ ಕಾಲ ಅಂದರೆ ನವೆಂಬರ್‌ನಿಂದ ಮಾರ್ಚ್. ಇದರಲ್ಲೂ ವ್ಯತ್ಯಾಸವಿದೆ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಊರು ಚೆಂದ, ಮನೆಮನೆಯ ಕಿಟಕಿಯಲ್ಲಿ ಗೋದಲಿ ಇಟ್ಟಿರುತ್ತಾರೆ. ಆದರೆ ವಿಮಾನದ ದರ ಏರಿರುತ್ತದೆ, ಮೇಲಾಗಿ ಡಿಸೆಂಬರ್ 24, 25, 31 ಮತ್ತು ಜನವರಿ 1ಕ್ಕೆ ಸರ್ಕಾರಿ ಮ್ಯೂಸಿಯಂಗಳು ಮುಚ್ಚಿರುತ್ತವೆ. ಅಷ್ಟು ದೂರ ಹೋಗಿ ನಾಲ್ಕು ದಿನ ಮುಚ್ಚಿದ ಬಾಗಿಲು ನೋಡುವುದು ಯಾರಿಗೆ ಬೇಕು?

ನನ್ನ ಪ್ರಕಾರ ಸಂಕ್ರಾಂತಿ ಮುಗಿಸಿ ಹೊರಟು ಗಣರಾಜ್ಯೋತ್ಸವದ ಹೊತ್ತಿಗೆ ವಾಪಸ್ ಬರುವುದು ಸರಿ. ಮಕ್ಕಳಿಗೆ ಐದಾರು ದಿನ ಶಾಲೆ ತಪ್ಪುತ್ತದೆ. ವಾರ್ಷಿಕ ಪರೀಕ್ಷೆ ಇನ್ನೂ ದೂರ ಇರುತ್ತದೆ, ಟೀಚರ್ ಹತ್ತಿರ ಮೊದಲೇ ಮಾತಾಡಿದರೆ ಬಗೆಹರಿಯುತ್ತದೆ. ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿದ್ದರೆ ಈ ಸಲಹೆ ಮರೆತುಬಿಡಿ. ಫೆಬ್ರವರಿಗೆ ಹೋಗುವುದಾದರೆ 10ನೇ ತಾರೀಕು ನೋಡಿಕೊಳ್ಳಿ. ಸಂತ ಪೌಲನ ಹಡಗು ಈ ದ್ವೀಪದ ಬಂಡೆಗೆ ಬಡಿದು ಒಡೆದ ನೆನಪಿನ ಹಬ್ಬ ಅದು, ರಾಜಧಾನಿ ವಲೆಟಾದ ಬೀದಿಗಳಲ್ಲಿ ಮೆರವಣಿಗೆ ಇರುತ್ತದೆ. ಆ ಹಡಗನ್ನು ಒಡೆದದ್ದೂ ಚಳಿಗಾಲದ ಗಾಳಿಯೇ ಅಂತೆ. ಗಾಳಿಯ ಬಗ್ಗೆ ನಾನು ಇಷ್ಟು ಹೇಳುತ್ತಿರುವುದು ಸುಮ್ನೆ ಅಲ್ಲ.

ಹವಾಮಾನ ಹೇಗಿರುತ್ತದೆ ಅಂದರೆ, ಜನವರಿಯಲ್ಲಿ ಹಗಲು 15-16 ಡಿಗ್ರಿ, ರಾತ್ರಿ 9-10. ಓದಿದರೆ ಮಡಿಕೇರಿ ಚಳಿ ಅನ್ನಿಸುತ್ತದೆ. ಬಿಸಿಲು ಬಂದರೆ ಸ್ವೆಟರ್ ತೆಗೆಯುತ್ತೀರಿ. ಗಾಳಿ ಎದ್ದರೆ ಅದೇ 15 ಡಿಗ್ರಿ ಮೂಳೆಗೆ ಇಳಿಯುತ್ತದೆ. ಈಶಾನ್ಯದಿಂದ ಬರುವ ಗಾಳಿಗೆ ಅವರು ಗ್ರಿಗಾಲ್ ಅನ್ನುತ್ತಾರೆ. ಅದು ಬೀಸಿದ ದಿನ ಬಂದರಿನ ಗೋಡೆಯ ಮೇಲೆ ಅಲೆ ಹಾರುವುದನ್ನು ನೋಡಬೇಕು, ಒಳಗಡೆ ನಿಂತುಕೊಂಡು.

ಬೇಸಿಗೆಯಲ್ಲಿ ಹೋದವರಿಗೆ ಸಿಗದ ಒಂದು ಚೆಂದ ಇದರಲ್ಲಿದೆ. ಮಳೆ ಬೀಳುವುದು ಚಳಿಗಾಲದಲ್ಲಿ ಆದ್ದರಿಂದ ದ್ವೀಪ ಹಸಿರಾಗುವುದೂ ಆಗಲೇ. ಜುಲೈನಲ್ಲಿ ಒಣ ಹುಲ್ಲಿನ ಬಣ್ಣಕ್ಕಿರುವ ನೆಲ ಜನವರಿಯಲ್ಲಿ ಹಳದಿ ಹೂವಿನ ಹಾಸಾಗಿರುತ್ತದೆ. ಅತ್ತೆ ಬಗ್ಗಿ ನೋಡಿ, ಇದು ನಮ್ಮ ಪುಲ್ಲಂಪುರಚಿ ಸೊಪ್ಪಿನ ಜಾತಿಯದೇ ಅಂದರು. ಹೌದು, ಅದೇ ಕುಲದ ಗಿಡ. ತಂಬುಳಿ ಮಾಡಲು ಕೀಳಬೇಡಿ ಅಂತ ತಡೆಯಬೇಕಾಯಿತು.

ವೀಸಾ: ಮೂರು ತಿಂಗಳ ಮುಂಚೆ ಕೆಲಸ ಶುರು

ಮಾಲ್ಟಾ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದೊಳಗೆ. ನಮಗೆ ಬೇಕಾದದ್ದು ಷೆಂಗೆನ್ ವೀಸಾ. ಅರ್ಜಿ ತೆಗೆದುಕೊಳ್ಳುವುದು ವಿಎಫ್‌ಎಸ್ ಅನ್ನುವ ಖಾಸಗಿ ಕಂಪನಿಯ ಕೇಂದ್ರ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಿರಬೇಕು. ಆ 15 ದಿನವನ್ನು ನಂಬಿಕೊಂಡು ಕೂರಬೇಡಿ. ಜನವರಿ ಪ್ರವಾಸಕ್ಕೆ ನಾವು ದಸರಾ ಮುಗಿದ ತಕ್ಷಣ ಕಾಗದ ಜೋಡಿಸಲು ಕೂತೆವು.

ಶುಲ್ಕ ದೊಡ್ಡವರಿಗೆ 90 ಯುರೋ, 6ರಿಂದ 12ರೊಳಗಿನ ಮಕ್ಕಳಿಗೆ 45, ಆರರ ಕೆಳಗಿನವರಿಗೆ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ: 12 ತುಂಬಿದ ಮಗು ದೊಡ್ಡವರ ಲೆಕ್ಕ. ಪೂರ್ತಿ ಶುಲ್ಕ, ಬೆರಳಚ್ಚೂ ಕೊಡಬೇಕು. ನಮ್ಮ ಐದು ಜನಕ್ಕೆ 405 ಯುರೋ ಆಯಿತು, ಕೇಂದ್ರದ ಸೇವಾ ಶುಲ್ಕ ಬೇರೆ. ಯುರೋಗೆ ನೂರು ರೂಪಾಯಿ ಅಂತ ಹಿಡಿದರೆ ಬಾಯಿಲೆಕ್ಕ ಸುಲಭ.

ಕಾಗದಗಳು: ವಾಪಸ್ ಬರುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಚಾಲ್ತಿಯಲ್ಲಿರುವ, ಎರಡು ಖಾಲಿ ಹಾಳೆ ಇರುವ ಪಾಸ್‌ಪೋರ್ಟ್. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಆಫೀಸಿನಿಂದ ರಜೆ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ಪತ್ರ. 30,000 ಯುರೋಗೆ ಕಡಿಮೆ ಇಲ್ಲದ ಆರೋಗ್ಯ ವಿಮೆ. ಹೋಗಿ ಬರುವ ಟಿಕೆಟ್ ಬುಕಿಂಗ್, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದಕ್ಕೆ ದಾಖಲೆ. ಅತ್ತೆ ಖರ್ಚನ್ನು ಮಗ ನೋಡಿಕೊಳ್ಳುತ್ತಾನೆ ಅಂದರೆ ಅದಕ್ಕೊಂದು ಪತ್ರ, ಜೊತೆಗೆ ಅವರು ತಾಯಿ-ಮಗ ಅನ್ನುವುದಕ್ಕೆ ಪುರಾವೆ. ನಾವು ಎಡವಿದ್ದು ಇಲ್ಲೇ. ಅತ್ತೆಯ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ನಮ್ಮವರ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಇನ್ನೊಂದು ರೀತಿ. ಊರಿನ ಹೆಸರು ಮುಂದೆ ಬಂದಿದೆ, ಇನಿಷಿಯಲ್ ಹಿಂದೆ ಹೋಗಿದೆ, ನಮ್ಮ ಕಡೆ ಇದು ಮಾಮೂಲು ತಾನೇ? ಅಫಿಡವಿಟ್ ಮಾಡಿಸಿ ಸೇರಿಸಿದೆವು. ನಿಮ್ಮ ಮನೆಯ ಹೆಸರುಗಳನ್ನು ಇವತ್ತೇ ಹೋಲಿಸಿ ನೋಡಿ.

ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಸಿಗುವ ಬುಕಿಂಗ್ ಮಾತ್ರ ಮಾಡಿ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ವಿಮಾನ

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಎಲ್ಲೋ ಒಂದು ಕಡೆ ಬದಲಿಸಲೇಬೇಕು, ಕೊಲ್ಲಿಯ ಕಡೆಯಿಂದಲೋ ಫ್ರಾಂಕ್‌ಫರ್ಟ್ ಥರದ ಯುರೋಪಿನ ಊರಿಂದಲೋ. ಷೆಂಗೆನ್ ಒಳಗಿನ ಊರಿನಲ್ಲಿ ಬದಲಿಸಿದರೆ ಇಮಿಗ್ರೇಷನ್ ಆಗುವುದು ಅಲ್ಲೇ, ಮಾಲ್ಟಾದಲ್ಲಿ ಅಲ್ಲ. ಒಂದೂವರೆ ಗಂಟೆಯ ಅಂತರ ಇಟ್ಟುಕೊಂಡು, ವಯಸ್ಸಾದವರನ್ನೂ ನಿದ್ದೆಗಣ್ಣಿನ ಮಗುವನ್ನೂ ಕರೆದುಕೊಂಡು ಆ ಕ್ಯೂನಲ್ಲಿ ನಿಂತರೆ ಎದೆ ಡವಡವ ಅನ್ನುತ್ತದೆ. ಮೂರು ಗಂಟೆ ಇಡಿ. ಮೊಣಕಾಲು ನೋವಿರುವವರಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಅತ್ತೆ ಮೊದಲು ನಾಚಿಕೊಂಡರು. ಕ್ಯೂ ನೋಡಿದ ಮೇಲೆ ಸುಮ್ಮನೆ ಕೂತರು.

ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಮಕ್ಕಳು ನಸುಕಿನ ನಾಲ್ಕಕ್ಕೆ ಎದ್ದು ಕೂರುತ್ತಾರೆ, ರಾತ್ರಿ ಏಳಕ್ಕೆ ತೂಕಡಿಸುತ್ತಾರೆ. ಇದನ್ನು ಸರಿಪಡಿಸಲು ಹೋಗಬೇಡಿ. ಸಂಜೆ ಐದೂಕಾಲು ಐದೂವರೆಗೆಲ್ಲ ಕತ್ತಲಾಗುತ್ತದೆ, ಹೆಚ್ಚಿನ ಜಾಗಗಳು ಅಷ್ಟರೊಳಗೆ ಮುಚ್ಚುತ್ತವೆ. ಬೇಗ ಎದ್ದು ಬೇಗ ಮಲಗುವ ಮನೆಗೆ ಮಾಲ್ಟಾದ ಚಳಿಗಾಲ ಸರಿಯಾಗಿ ಹೊಂದುತ್ತದೆ.

ಮನೆ: ಇದರಲ್ಲಿ ತಪ್ಪಿದರೆ ಪ್ರವಾಸವೇ ಕೆಟ್ಟಿತು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮಾಲ್ಟಾದ ಹಳೇ ಮನೆಗಳು ಜೇನಿನ ಬಣ್ಣದ ಸುಣ್ಣದ ಕಲ್ಲಿನವು. ಫೋಟೋದಲ್ಲಿ ಚೆಂದ. ಆದರೆ ಆ ಕಲ್ಲು ನೀರು ಹೀರುತ್ತದೆ, ಮನೆಗಳನ್ನು ಕಟ್ಟಿದ್ದೇ ಬೇಸಿಗೆಯ ಸೆಕೆ ತಡೆಯಲು, ಹೀಟಿಂಗ್ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಜನವರಿಯಲ್ಲಿ ಎಷ್ಟೋ ಸಾರಿ ಹೊರಗಿಗಿಂತ ಒಳಗೇ ಚಳಿ. ಹಾಸಿಗೆ ತಣ್ಣಗೆ, ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಮಲೆನಾಡಿನ ಮಳೆಗಾಲ ಕಂಡವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ, ವ್ಯತ್ಯಾಸ ಏನೆಂದರೆ ಅಲ್ಲಿ ಬಚ್ಚಲೊಲೆ ಇಲ್ಲ.

ಬುಕ್ ಮಾಡುವ ಮುಂಚೆ ಮನೆಯವರಿಗೆ ಮೆಸೇಜ್ ಹಾಕಿ ಕೇಳಿ. ಪ್ರತಿ ಮಲಗುವ ಕೋಣೆಯಲ್ಲೂ ಬಿಸಿ ಗಾಳಿ ಕೊಡುವ ಎಸಿ ಇದೆಯಾ? ಅದಕ್ಕೆ ಕರೆಂಟಿನ ದುಡ್ಡು ಬೇರೆಯಾ? ತೇವ ಎಳೆಯುವ ಮೆಷಿನ್ ಇದೆಯಾ? ಗೀಸರ್ ಎಷ್ಟು ಲೀಟರಿನದು? ಐದು ಜನ ಸ್ನಾನಕ್ಕೆ ನಿಂತಾಗ ಈ ಕೊನೇ ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ. ಆಮೇಲೆ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ. ಹಿಂದೆ ಉಳಿದವರ ಅನಿಸಿಕೆ ಓದುವಾಗ ಜೂನ್-ಜುಲೈನವನ್ನು ಬಿಟ್ಟು ಡಿಸೆಂಬರ್‌ನಿಂದ ಫೆಬ್ರವರಿವರೆಗಿನವನ್ನು ಮಾತ್ರ ಓದಿ. ಬೇಸಿಗೆಯಲ್ಲಿ ಐದು ನಕ್ಷತ್ರ ಪಡೆದ ಮನೆಯನ್ನು ಚಳಿಗಾಲದವರು ಗವಿ ಅಂತ ಬೈದಿರುತ್ತಾರೆ.

ಯಾವ ಊರಿನಲ್ಲಿ? ರಾಜಧಾನಿ ವಲೆಟಾದೊಳಗೆ ಉಳಿದರೆ ಎಲ್ಲ ನಡೆದೇ ನೋಡಬಹುದು, ಆದರೆ ಅಲ್ಲಿನ ಅಡ್ಡ ಬೀದಿಗಳು ಮೆಟ್ಟಿಲುಗಳೇ. ವಯಸ್ಸಾದವರಿಗೆ ಕಷ್ಟ. ಬಂದರಿನ ಆಚೆ ದಡದ ಸ್ಲೀಮಾ ಅಥವಾ ಗ್ಜೀರಾ ಒಳ್ಳೆಯದು: ಸಮತಟ್ಟಾದ ಸಮುದ್ರದ ದಂಡೆ ರಸ್ತೆ, ಹೊಸ ಕಟ್ಟಡ, ಲಿಫ್ಟ್, ದಿನಸಿ ಅಂಗಡಿ, ವಲೆಟಾಕ್ಕೆ ಸಣ್ಣ ದೋಣಿ. ಉತ್ತರದ ಬೀಚ್ ಊರುಗಳು ಅಗ್ಗ ಅಂತ ಕಾಣುತ್ತವೆ. ಚಳಿಗಾಲದಲ್ಲಿ ಅಲ್ಲಿ ಹೋಟೆಲ್, ಅಂಗಡಿ ಸುಮಾರು ಮುಚ್ಚಿರುತ್ತವೆ, ಬಸ್ಸಿನಲ್ಲೇ ದಿನ ಕಳೆಯುತ್ತದೆ. ಬೇಡ.

ಹೈಪೋಜಿಯಮ್ ಟಿಕೆಟ್

ವೀಸಾ ಸಿಕ್ಕಿದ ದಿನವೇ ಮಾಡಬೇಕಾದ ಕೆಲಸ ಇದು. ಪಾವ್ಲಾ ಅನ್ನುವ ಊರಿನ ಬೀದಿಯಲ್ಲಿ, ಮನೆಗಳ ಅಡಿಯಲ್ಲಿ, ಬಂಡೆ ಕೊರೆದು ಮಾಡಿದ ಮೂರು ಅಂತಸ್ತಿನ ಸಮಾಧಿ. ಕ್ರಿಸ್ತಪೂರ್ವ 4000ದಿಂದ 2500ರವರೆಗೆ ಬಳಕೆಯಲ್ಲಿತ್ತು. 1902ರಲ್ಲಿ ಮನೆ ಕಟ್ಟಲು ನೆಲ ಅಗೆದಾಗ ಸಿಕ್ಕಿದ್ದು. ಸುಮಾರು 7,000 ಜನರ ಮೂಳೆಗಳು ಇಲ್ಲಿದ್ದವು ಅಂತ ಅಂದಾಜು. ಜನರ ಉಸಿರಿಗೇ ಗೋಡೆಯ ಮೇಲಿನ ಕೆಂಪು ಬಣ್ಣದ ಚಿತ್ರ ಹಾಳಾಗುತ್ತದೆ ಅಂತ ಗಂಟೆಗೆ 10 ಜನರನ್ನು ಮಾತ್ರ ಬಿಡುತ್ತಾರೆ. ಫೋಟೋ ತೆಗೆಯುವಂತಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಇಲ್ಲ, ಸಣ್ಣ ಮಗು ಇದ್ದರೆ ಒಬ್ಬರು ಹೊರಗೆ ಉಳಿಯಲೇಬೇಕು.

ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಂಚೆ ಖಾಲಿಯಾಗುವ ಟಿಕೆಟ್ ಇದು. ಚಳಿಗಾಲದಲ್ಲಿ ಸ್ವಲ್ಪ ಸುಲಭ. ಆದರೆ ಐದು ಜನಕ್ಕೆ ಒಟ್ಟಿಗೆ ಅಂದರೆ ಹತ್ತರಲ್ಲಿ ಅರ್ಧ ನೀವೇ ಆದಿರಲ್ಲ, ಹಾಗಾಗಿ ಮುಂಚೆಯೇ ಮಾಡಿ. ಮಾಡುವಾಗ ಪ್ರವಾಸದ ಮಧ್ಯದ ದಿನ ಆರಿಸಿ. ಮೊದಲ ದಿನ ಇಟ್ಟರೆ ವಿಮಾನ ತಡವಾದರೆ ಹೋಯಿತು.

ಮಿಕ್ಕ ಸರ್ಕಾರಿ ಜಾಗಗಳಿಗೆ ಹೆರಿಟೇಜ್ ಮಾಲ್ಟಾದವರ 30 ದಿನದ ಒಟ್ಟು ಪಾಸ್ ಇದೆ, ಅದರಲ್ಲಿ ಕುಟುಂಬದ ಪಾಸ್ ಕೂಡ. ಎರಡು-ಮೂರು ಜಾಗಕ್ಕಿಂತ ಹೆಚ್ಚು ನೋಡುವುದಾದರೆ ಲಾಭ. ಹೈಪೋಜಿಯಮ್ ಮಾತ್ರ ಅದರೊಳಗೆ ಬರುವುದಿಲ್ಲ.

ಬ್ಯಾಗಿಗೆ ಏನು

ಛತ್ರಿ ಬೇಡ. ಗಾಳಿಗೆ ಮೊದಲ ದಿನವೇ ಮೇಲೆ ಕೆಳಗಾಗುತ್ತದೆ. ಟೋಪಿ ಇರುವ ರೇನ್‌ಕೋಟ್ ತೆಗೆದುಕೊಳ್ಳಿ. ದಪ್ಪ ಕೋಟು ಒಂದಕ್ಕಿಂತ ತೆಳು ಸ್ವೆಟರ್ ಎರಡು ಮೇಲು. ರಾತ್ರಿಗೆ ಉಲ್ಲನ್ ಕಾಲುಚೀಲ.

ಚಪ್ಪಲಿ, ಶೂಗಳ ಬಗ್ಗೆ ಯೋಚನೆ ಮಾಡಿ. ಶತಮಾನಗಳಿಂದ ಜನ ನಡೆದು ನಡೆದು ಬೀದಿಯ ಕಲ್ಲು ಕನ್ನಡಿಯಾಗಿದೆ, ಒಂದು ಹನಿ ಮಳೆ ಬಿದ್ದರೆ ಜಾರುಬಂಡೆ. ಅತ್ತೆ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಲು ಒಪ್ಪಿದ್ದು ಒಂದು ಸಾರಿ ಜಾರಿದ ಮೇಲೆ. ನೀವು ಜಾರುವ ಮುಂಚೆಯೇ ಒಪ್ಪಿಸಿ.

ಪ್ಲಗ್ ಬ್ರಿಟನ್ನಿನದು, ಮೂರು ಚಪ್ಪಟೆ ಕಡ್ಡಿ. ಯುರೋಪ್ ಅಂತ ಎರಡು ಗುಂಡು ಕಡ್ಡಿಯ ಅಡಾಪ್ಟರ್ ಕೊಂಡರೆ ಉಪಯೋಗಕ್ಕೆ ಬರುವುದಿಲ್ಲ.

ತಿಂಡಿ ಕಟ್ಟುವಾಗ ಜೋಪಾನ. ಯುರೋಪಿನೊಳಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ತುಪ್ಪದ ಬಾಟಲಿ, ಧಾರವಾಡ ಪೇಡ ಬಿಟ್ಟುಬಿಡಿ. ಹಸಿ ಕರಿಬೇವೂ ಬೇಡ, ಸೊಪ್ಪಿಗೆ ಬೇರೆ ಪ್ರಮಾಣಪತ್ರ ಕೇಳುತ್ತಾರೆ. ಕೊಬ್ಬರಿ ಗಿಟಕನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಎತ್ತಿಡುತ್ತಾರೆ. ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ, ರವೆ ಹುರಿದು ಕಟ್ಟಿದ ಉಪ್ಪಿಟ್ಟಿನ ಮಿಶ್ರಣ, ಇಷ್ಟು ಸಾಕು. ಅಕ್ಕಿ, ಬೇಳೆ, ಮೊಸರು ಅಲ್ಲೇ ಸಿಗುತ್ತದೆ. ಈಗ ಮಾಲ್ಟಾದಲ್ಲಿ ಕೆಲಸಕ್ಕೆ ಬಂದ ಭಾರತೀಯರು ತುಂಬಾ ಇದ್ದಾರೆ. ಅದಕ್ಕೂ ಮುಂಚೆ, 19ನೇ ಶತಮಾನದ ಕೊನೆಯಿಂದಲೇ ಸಿಂಧಿ ವ್ಯಾಪಾರಿಗಳು ಅಲ್ಲಿದ್ದಾರೆ. ಗ್ಜೀರಾ, ಸ್ಲೀಮಾ ಕಡೆ ಇಂಡಿಯನ್ ಅಂಗಡಿ ಹುಡುಕುವುದು ಕಷ್ಟವಲ್ಲ.

ದಿನಗಳನ್ನು ಹೊಂದಿಸುವುದು

ದಿನಕ್ಕೊಂದು ಅಂತ ಪಟ್ಟಿ ಮಾಡಬೇಡಿ. ಎರಡು ಪಟ್ಟಿ ಮಾಡಿ: ಬಿಸಿಲಿಗೆ ಒಂದು, ಗಾಳಿ-ಮಳೆಗೆ ಒಂದು. ಹಿಂದಿನ ರಾತ್ರಿ ಹವಾಮಾನ ನೋಡಿ ಯಾವ ಪಟ್ಟಿಯಿಂದ ತೆಗೆಯುವುದು ಅಂತ ತೀರ್ಮಾನಿಸಿ. ನೋಡುವಾಗ ಮಳೆಯ ಚಿತ್ರಕ್ಕಿಂತ ಗಾಳಿಯ ವೇಗ ಮುಖ್ಯ. ಮಳೆ ಅರ್ಧ ಗಂಟೆ ಸುರಿದು ಹೋಗುತ್ತದೆ, ಗಾಳಿ ಹಿಡಿದರೆ ದಿನವಿಡೀ.

ಬಿಸಿಲಿನ ಪಟ್ಟಿಯ ತಲೆಯಲ್ಲಿ ಗೋಜೊ ದ್ವೀಪ ಇರಲಿ. ಪೂರ್ತಿ ಒಂದು ದಿನ ಬೇಕು. ಸ್ಲೀಮಾದಿಂದ 222ನೇ ನಂಬರ್ ಬಸ್, ವಲೆಟಾದಿಂದ 41 ಅಥವಾ 42, ಚಿರ್ಕೆವ್ವಾ ಬಂದರಿಗೆ ಹೋಗುತ್ತವೆ. ಒಂದು ಗಂಟೆಗೂ ಮೀರಿದ ದಾರಿ. ಅಲ್ಲಿಂದ ಕಾರುಗಳನ್ನೂ ಹೊತ್ತೊಯ್ಯುವ ದೊಡ್ಡ ಹಡಗು, 25 ನಿಮಿಷ. ಹೋಗುವಾಗ ದುಡ್ಡು ಕೇಳುವುದಿಲ್ಲ, ಬರುವಾಗ ಟಿಕೆಟ್. ಮಗನಿಗೆ ಇದು ದೊಡ್ಡ ಒಗಟಾಗಿತ್ತು, ಬರದೇ ಇದ್ದರೆ ಫ್ರೀ ಅಲ್ವಾ ಅಂತ.

ಗೋಜೊದಲ್ಲಿ ನೋಡಲೇಬೇಕಾದದ್ದು ಜ್ಗಂತೀಯಾ ಗುಡಿಗಳು. ಕ್ರಿಸ್ತಪೂರ್ವ 3600ರ ಸುಮಾರಿನವು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯವು. ಅಷ್ಟು ದೊಡ್ಡ ಕಲ್ಲನ್ನು ಮನುಷ್ಯರು ಎತ್ತಿರಲಾರರು, ಅವರೆಕಾಳಿನಂಥ ಕಾಳು ಮತ್ತು ಜೇನು ತಿಂದು ಬೆಳೆದ ಒಬ್ಬ ದೈತ್ಯ ಹೆಂಗಸು ತಲೆಯ ಮೇಲೆ ಹೊತ್ತು ತಂದಳು ಅಂತ ಅಲ್ಲಿಯ ಜನರ ಕತೆ. ನಮ್ಮ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಕಲ್ಲುಗೋರಿಗಳನ್ನು ಕಟ್ಟಿದ್ದು ಮೋರ್ಯರು ಅನ್ನುವ ಕುಳ್ಳರು ಅಂತ ಇಲ್ಲಿಯವರ ನಂಬಿಕೆ. ಅಲ್ಲಿ ದೈತ್ಯರು, ಇಲ್ಲಿ ಕುಳ್ಳರು, ಎರಡೂ ಕಡೆ ಮಾಮೂಲಿ ಮನುಷ್ಯರ ಮೇಲೆ ಮಾತ್ರ ಯಾರಿಗೂ ನಂಬಿಕೆ ಇಲ್ಲ ನೋಡಿ. ಅಲ್ಲಿಂದ ವಿಕ್ಟೋರಿಯಾ ಊರಿನ ಕೋಟೆ ಹತ್ತಿದರೆ ಇಡೀ ದ್ವೀಪ ಕಾಣುತ್ತದೆ. ಹಳೇ ಫೋಟೋಗಳಲ್ಲಿ ನೋಡಿರುವ ಸಮುದ್ರದ ಕಲ್ಲಿನ ಕಮಾನು ಹುಡುಕಬೇಡಿ, 2017ರ ಮಾರ್ಚ್ 8ರ ಬಿರುಗಾಳಿಗೆ ಅದು ಕುಸಿದುಹೋಯಿತು.

ಹಜಾರ್ ಈಮ್ ಮತ್ತು ಮ್ನಾಯ್ದ್ರಾ ಗುಡಿಗಳೂ ಬಿಸಿಲಿನ ಪಟ್ಟಿಗೆ. ಮೇಲೆ ದೊಡ್ಡ ಟೆಂಟ್ ಹಾಕಿದ್ದಾರೆ ನಿಜ, ಆದರೆ ಒಂದರಿಂದ ಇನ್ನೊಂದಕ್ಕೆ ಸಮುದ್ರದ ಕಡೆ ಇಳಿಯುವ ದಾರಿಯಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಮಾರ್ಸಶ್ಲೊಕ್ ಅನ್ನುವ ಮೀನುಗಾರರ ಊರು ಭಾನುವಾರಕ್ಕೆ. ಅವತ್ತು ಬೇರೆ ಕಡೆ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ, ಇಲ್ಲಿ ಸಂತೆ. ಬಣ್ಣಬಣ್ಣದ ದೋಣಿಗಳ ಮೂತಿಗೆ ಎರಡೆರಡು ಕಣ್ಣು ಬರೆದಿರುತ್ತಾರೆ, ಕೆಟ್ಟದ್ದು ತಟ್ಟದಿರಲಿ ಅಂತ. ದೃಷ್ಟಿಬೊಟ್ಟು ಅಂತ ಅತ್ತೆಗೆ ವಿವರಿಸುವ ಕೆಲಸವೇ ಇರಲಿಲ್ಲ.

ಮಳೆಯ ಪಟ್ಟಿಯೇ ನಿಜ ಹೇಳಬೇಕೆಂದರೆ ಹೆಚ್ಚು ಶ್ರೀಮಂತ. ವಲೆಟಾದ ಪುರಾತತ್ವ ಮ್ಯೂಸಿಯಂನಲ್ಲಿ ಮಲಗಿರುವ ಹೆಂಗಸಿನ ಒಂದು ಮಣ್ಣಿನ ಗೊಂಬೆ ಇದೆ, ಹೈಪೋಜಿಯಮ್‌ನಲ್ಲಿ ಸಿಕ್ಕಿದ್ದು. ಬರೀ 12 ಸೆಂಟಿಮೀಟರ್. ಇದನ್ನು ಮೊದಲು ನೋಡಿ, ಆಮೇಲೆ ಹೈಪೋಜಿಯಮ್‌ಗೆ ಹೋಗಿ, ಕತ್ತಲಲ್ಲಿ ಅವಳ ನೆನಪಾಗುತ್ತದೆ. ಗ್ರ್ಯಾಂಡ್ ಮಾಸ್ಟರ್, ಅಂದರೆ ನೈಟ್‌ಗಳ ಮುಖ್ಯಸ್ಥನ ಅರಮನೆಯ ಆಯುಧಗಳ ಸಾಲು ಮಗನಿಗೆ. ಸಂತ ಜಾನ್ ಕೆಥೆಡ್ರಲ್ ಎಲ್ಲರಿಗೂ. ಹೊರಗಿನಿಂದ ಗೋದಾಮಿನ ಥರ ಕಾಣುತ್ತದೆ, ಒಳಗೆ ಕಾಲಿಟ್ಟರೆ ನೆಲದಿಂದ ಚಾವಣಿವರೆಗೆ ಚಿನ್ನ. ನೆಲದ ತುಂಬಾ ನೈಟ್‌ಗಳ ಬಣ್ಣದ ಅಮೃತಶಿಲೆಯ ಸಮಾಧಿಗಳು, ಸುಮಾರು 400, ಅವುಗಳ ಮೇಲೇ ನಡೆಯಬೇಕು. ಚೂಪು ಹಿಮ್ಮಡಿಯ ಶೂ ಬಿಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಸಂತ ಜಾನ್‌ನ ಶಿರಚ್ಛೇದದ ಚಿತ್ರ. ಅವನು ಸಹಿ ಹಾಕಿದ್ದು ಇದೊಂದಕ್ಕೇ, ಅದೂ ಚಿತ್ರದಲ್ಲಿ ಹರಿಯುತ್ತಿರುವ ರಕ್ತದಿಂದಲೇ ಬರೆದ ಹಾಗೆ. ಬೇಸಿಗೆಯಲ್ಲಿ ಗುಂಪಿನ ಭುಜಗಳ ನಡುವೆ ಇಣುಕಬೇಕಂತೆ. ನಮ್ಮ ಪಾಲಿಗೆ ಒಂದು ಬೆಂಚು, ಎದುರಿಗೆ ಚಿತ್ರ, ಹಿಂದೆ ಇನ್ನಿಬ್ಬರು. ಮಗಳು ಇಪ್ಪತ್ತು ನಿಮಿಷ ಕೂತಳು, ಮೊಬೈಲ್ ತೆಗೆಯದೆ. ಭಾನುವಾರ ಪ್ರವಾಸಿಗರಿಗೆ ಬಾಗಿಲಿಲ್ಲ, ಗಮನದಲ್ಲಿರಲಿ.

ಮೊಸ್ತಾ ಊರಿನ ಗುಮ್ಮಟದ ಚರ್ಚೂ ಇದೇ ಪಟ್ಟಿಗೆ. 1942ರ ಏಪ್ರಿಲ್ 9ರಂದು ಜನ ಪ್ರಾರ್ಥನೆಗೆ ಸೇರಿದ್ದಾಗ ಬಾಂಬೊಂದು ಗುಮ್ಮಟ ತೂರಿ ಒಳಗೆ ಬಿತ್ತು, ಸಿಡಿಯಲೇ ಇಲ್ಲ. ಅಂಥದ್ದೇ ಒಂದು ಬಾಂಬನ್ನು ಅಲ್ಲಿ ಇಟ್ಟಿದ್ದಾರೆ. ಮಕ್ಕಳಿಗೆ ಮ್ಯೂಸಿಯಂ ಸಾಕಾದ ದಿನ ಕಲ್ಕಾರಾದ ಎಸ್ಪ್ಲೋರಾ ವಿಜ್ಞಾನ ಕೇಂದ್ರ, ಇಲ್ಲವೇ ಕಾವ್ರಾದ ಅಕ್ವೇರಿಯಂ.

ಎರಡೂ ಪಟ್ಟಿಗೆ ಸೇರುವ ಊರು ಇಮ್ದೀನಾ. ಹಳೇ ರಾಜಧಾನಿ, ಗೋಡೆಯೊಳಗೆ ಕೆಲವೇ ನೂರು ಜನ, ಹೊರಗಿನವರ ಕಾರಿಗೆ ಪ್ರವೇಶವಿಲ್ಲ. ಮಳೆ ನಿಂತ ಸಂಜೆ, ದೀಪ ಹಚ್ಚುವ ಹೊತ್ತಿಗೆ ಹೋಗಿ. ನಾವಿದ್ದಾಗ ಬೀದಿಯಲ್ಲಿ ನಮ್ಮ ಹೆಜ್ಜೆ ಸದ್ದು ಬಿಟ್ಟರೆ ಒಂದು ಬೆಕ್ಕು.

ಬ್ಲೂ ಲಗೂನ್, ಬ್ಲೂ ಗ್ರಾಟೊ ದೋಣಿ ಸವಾರಿಗಳನ್ನು ಎರಡೂ ಪಟ್ಟಿಯಿಂದ ಹೊಡೆದುಹಾಕಿ. ಸಿಕ್ಕರೆ ಅದೃಷ್ಟ, ಅಷ್ಟೇ.

ಮಕ್ಕಳಿಗೆ ಹೇಳಬೇಕಾದ ಕತೆ

ಹೊರಡುವ ಮುಂಚೆ ಒಂದು ಸಂಜೆ ಕೂರಿಸಿಕೊಂಡು 1565ರ ಕತೆ ಹೇಳಿ. ಆ ವರ್ಷ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧ ಸೋತು ವಿಜಯನಗರ ಹಾಳಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತುರ್ಕಿಯ ಆಟೊಮನ್ ಸುಲ್ತಾನನ ನೌಕಾಪಡೆ ಮಾಲ್ಟಾಕ್ಕೆ ಮುತ್ತಿಗೆ ಹಾಕಿತು. ನಾಲ್ಕು ತಿಂಗಳು ಕಾದಾಟ. ಸೇಂಟ್ ಎಲ್ಮೊ ಕೋಟೆ ಬಿತ್ತು, ಆಚೆ ದಡದ ಬಿರ್ಗು ಊರು ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ ಸೈನ್ಯ ವಾಪಸ್ ಹೋಯಿತು. ಮರುವರ್ಷ ನೈಟ್‌ಗಳ ಮುಖ್ಯಸ್ಥ ಲಾ ವಲೆಟ್ ಬೋಳು ಗುಡ್ಡದ ಮೇಲೆ ಹೊಸ ನಗರಕ್ಕೆ ಅಡಿಗಲ್ಲು ಹಾಕಿದ, ಅದೇ ವಲೆಟಾ. ಹಂಪಿ ನೋಡಿದ ಮಕ್ಕಳಿಗೆ ಇದು ಥಟ್ ಅಂತ ಹಿಡಿಯುತ್ತದೆ. ಒಂದೇ ವರ್ಷ, ಒಂದು ರಾಜಧಾನಿ ಪಾಳು ಬಿತ್ತು, ಇನ್ನೊಂದಕ್ಕೆ ಜಾಗ ಗುರುತಾಯಿತು.

ಅಲ್ಲಿಗೆ ಹೋದಾಗ ಅಪ್ಪರ್ ಬರಾಕಾ ತೋಟದ ಕಟ್ಟೆಯ ಮೇಲೆ ನಿಂತು ಇಡೀ ಯುದ್ಧಭೂಮಿಯನ್ನು ಬೆರಳಲ್ಲಿ ತೋರಿಸಬಹುದು. ಮಧ್ಯಾಹ್ನ 12ಕ್ಕೂ ಸಂಜೆ 4ಕ್ಕೂ ಕೆಳಗಿನ ಸಾಲಿನಿಂದ ಫಿರಂಗಿ ಹಾರಿಸುತ್ತಾರೆ. ಹತ್ತು ನಿಮಿಷ ಮುಂಚೆ ಹೋಗಿ, ಚಿಕ್ಕವರ ಕಿವಿ ಮುಚ್ಚಿ. ಅಲ್ಲಿಂದ ಲಿಫ್ಟಿನಲ್ಲಿ ಬಂದರಿಗೆ ಇಳಿದು ದೋಣಿಯಲ್ಲಿ ಬಿರ್ಗುವಿಗೆ ದಾಟಿದರೆ ಕತೆ ಪೂರ್ತಿ ಆಗುತ್ತದೆ.

ಓಡಾಟ, ಊಟ, ಚಿಲ್ಲರೆ ವಿಷಯ

ಕಾರು ಬಾಡಿಗೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಗೋಡೆಗೆ ಕನ್ನಡಿ ತಾಗುವಷ್ಟು ಕಿರಿದು ಬೀದಿ, ನಿಲ್ಲಿಸಲು ಜಾಗ ಇಲ್ಲ. ಬಸ್ಸಿಗೆ ಏಳು ದಿನದ ಕಾರ್ಡ್ ಸಿಗುತ್ತದೆ. ಸ್ಟಾಪಿನಲ್ಲಿ ನಿಂತು ಕೈ ಅಡ್ಡ ಹಿಡಿಯದಿದ್ದರೆ ಬಸ್ ನಿಲ್ಲಿಸದೆ ಹೋಗುತ್ತಾರೆ, ನಮಗೆ ಅಭ್ಯಾಸವಿರುವ ವಿದ್ಯೆಯೇ. ಬಸ್ ತಡ ಆಗುತ್ತದೆ. ರಾತ್ರಿ, ಅಥವಾ ಮಳೆಯಲ್ಲಿ, ಮೊಬೈಲಿನಲ್ಲಿ ಟ್ಯಾಕ್ಸಿ ಕರೆಯಿರಿ, ದೂರ ಕಡಿಮೆ ಇರುವುದರಿಂದ ಐದು ಜನಕ್ಕೆ ಹೊರೆ ಅಲ್ಲ. ಐದು ಜನ ಹಿಡಿಸುವ ದೊಡ್ಡ ಗಾಡಿಯೇ ಆರಿಸಬೇಕು, ಅಷ್ಟೇ.

ಸಸ್ಯಾಹಾರಿಗಳು ಬದುಕಿಕೊಳ್ಳಬಹುದು. ಪಸ್ತೀಟ್ಸಿ ಅಂತ ನಮ್ಮ ಬೇಕರಿ ಪಫ್ಸ್‌ನ ಅಣ್ಣನಂಥದ್ದು ಬೀದಿಬೀದಿಯಲ್ಲಿ ಸಿಗುತ್ತದೆ, ಬಟಾಣಿ ಹೂರಣದ್ದು ಅಥವಾ ಚೀಸಿನದು, ಒಂದು ಯುರೋ ಒಳಗೆ. ಕೆಲವರು ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಯೇ ಕೊಳ್ಳಿ. ಬಿಗಿಲ್ಲಾ ಅನ್ನುವುದು ಬೇಯಿಸಿ ಅರೆದ ಕಾಳಿಗೆ ಬೆಳ್ಳುಳ್ಳಿ, ಎಣ್ಣೆ. ವಲೆಟಾದ ಹೆಬ್ಬಾಗಿಲ ಹತ್ತಿರ ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಇಮ್ಕಾರೆಟ್ ಮಾರುತ್ತಾರೆ. ಗಾಳಿಗೆ ಮೂಗು ಕೆಂಪಾಗಿ ನಿಂತಾಗ ಅದನ್ನು ಬಿಸಿಬಿಸಿ ತಿನ್ನಬೇಕು. ರಾತ್ರಿ ಊಟ ನಾವು ಮನೆಯಲ್ಲೇ ಮಾಡಿದೆವು, ಸಾರು ಅನ್ನ. ಐದೂವರೆಗೆ ಕತ್ತಲಾಗುವ ಊರಿನಲ್ಲಿ ಬಿಸಿ ಸಾರಿನಷ್ಟು ಹಿತ ಇನ್ನೊಂದಿಲ್ಲ.

ನಲ್ಲಿ ನೀರಿನಲ್ಲಿ ಹೆಚ್ಚಿನ ಪಾಲು ಸಮುದ್ರದ ನೀರನ್ನು ಶುದ್ಧ ಮಾಡಿ ಕೊಡುವುದು. ಕುಡಿಯಬಹುದು, ರುಚಿ ಹಿಡಿಸುವುದಿಲ್ಲ. ಬಾಟಲಿ ಕೊಂಡರೆ ಬಾಟಲಿಗೆ 10 ಸೆಂಟ್ ಠೇವಣಿ ಸೇರಿಸಿರುತ್ತಾರೆ. ಎಸೆಯಬೇಡಿ. ದಿನಸಿ ಅಂಗಡಿಗಳ ಹತ್ತಿರ ಒಂದು ಮೆಷಿನ್ ಇರುತ್ತದೆ, ಖಾಲಿ ಬಾಟಲಿಯನ್ನು ಜಜ್ಜದೆ ಒಳಗೆ ಹಾಕಿದರೆ ಚೀಟಿ ಕೊಡುತ್ತದೆ. ಆ ಕೆಲಸವನ್ನು ಮಗನಿಗೆ ವಹಿಸಿದೆವು. ಕೊನೇ ದಿನ ಅವನ ಚೀಟಿಗಳಿಂದಲೇ ಎಲ್ಲರಿಗೂ ಬಟಾಣಿ ಪಸ್ತೀಟ್ಸಿ ಕೊಡಿಸುತ್ತೇನೆ ಅಂತ ಹೊರಟ. ಚೀಟಿ ಆ ದಿನಸಿ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ ಅಂತ ಗೊತ್ತಾಗಿ ಮುಖ ಸಪ್ಪಗಾಯಿತು. ಅತ್ತೆ ಮಧ್ಯಸ್ಥಿಕೆ ವಹಿಸಿ, ಚೀಟಿಗೆ ಬಿಸ್ಕತ್ತು ಕೊಂಡು, ವಿಮಾನದ ದಾರಿಗೆ ಬ್ಯಾಗಿನಲ್ಲಿಟ್ಟರು.